ಒಂದೇ ಸಲ ಕೇಳುವ ಊರು

ಅವರು ಸೊಲ್ಲಾಪುರದಲ್ಲಿ ಇದ್ದದ್ದು ಮೂವತ್ತೊಂಬತ್ತು ದಿನ. ಆಳಂದದ ಜನ ಅವರನ್ನು ಸೊಲ್ಲಾಪುರ ಕಾಕಾ ಎಂದು ಕರೆದದ್ದು ಮೂವತ್ತು ವರ್ಷಕ್ಕೂ ಹೆಚ್ಚು. ಅವರ ಹೆಸರು ನನಗೆ ಗೊತ್ತು. ಆದರೆ ಆ ಹೆಸರಿನಿಂದ ಯಾರೂ ಅವರನ್ನು ಕೂಗಿದ್ದು ನಾನು ಕೇಳಿಲ್ಲ. ಆದ್ದರಿಂದ ಇಲ್ಲಿಯೂ ಬರೆಯುವುದಿಲ್ಲ.

ಅವರು ತೀರಿಕೊಂಡು ಆರು ತಿಂಗಳಾಯಿತು. ನಾನು ಬರೆಯುವ ಮನುಷ್ಯನಲ್ಲ. ಸೊಲ್ಲಾಪುರದ ಒಂದು ಗಿರಣಿಯ ಕಚೇರಿಯಲ್ಲಿ ಕಾರಕೂನ. ಮೆಟ್ರಿಕ್ ಎರಡನೇ ಸಲಕ್ಕೆ ಆಯಿತು. ಆದರೂ ಅವರ ಬಗ್ಗೆ ಯಾರಾದರೂ ಬರೆಯಬೇಕಿತ್ತು. ಊರಲ್ಲಿ ಎಲ್ಲರ ಬಗ್ಗೆಯೂ ಬರೆಯುತ್ತಿದ್ದವರು ಅವರೊಬ್ಬರೇ.

ಆಳಂದದ ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಚಾಪೆ ಹಾಸಿಕೊಂಡು, ಓರೆ ಮುಚ್ಚಳದ ಒಂದು ಪೆಟ್ಟಿಗೆ ಇಟ್ಟುಕೊಂಡು, ಅವರು ಜನರಿಗೆ ಉರ್ದುವಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದರು. ಬೇಲಿ ಸರಿಸಿದವರು, ಎಮ್ಮೆ ಕಳಕೊಂಡವರು, ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟವರು ಎಲ್ಲರೂ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು ಅಳುತ್ತಿದ್ದರು. ಕಾಕಾ ಅವರಿಗೆ ಅತ್ತು ಮುಗಿಸಲು ಬಿಟ್ಟು, ಲೇಖನಿಯನ್ನು ಕಿವಿಯ ಸಂದಿನಿಂದ ತೆಗೆದು, "ಆತು. ಇದರಾಗ ಬರಿಯೂದು ಎರಡ ಸಾಲು ಅದ" ಅನ್ನುತ್ತಿದ್ದರು. ಕಚೇರಿಯ ಭಾಷೆ ಅವರ ಮನೆಯೊಳಗೂ ಬಂದಿತ್ತು. ಹೆಂಡತಿ ಅಡುಗೆಮನೆಯಿಂದ "ಉಪ್ಪು ತೀರ್ಯಾದ್ರಿ" ಎಂದು ಕೂಗಿದರೆ, ಇವರು ಪಡಸಾಲೆಯಿಂದ "ದರಖಾಸ್ತು ಮಂಜೂರು" ಅನ್ನುತ್ತಿದ್ದರು. ಮಂಜೂರಾದ ಉಪ್ಪು ಬರಲು ಎರಡು ದಿನ ಹಿಡಿಯುತ್ತಿತ್ತು. ಅದೂ ಕಚೇರಿಯ ರೂಢಿಯೇ.

ನಮ್ಮದು ನಿಜಾಮರ ಸೀಮೆ. ಹಿರೋಳ್ಳಿಯ ಆಚೆ ಸುಂಕದ ನಾಕಾ ಇದೆ. ಅದನ್ನು ದಾಟಿದರೆ ಅಕ್ಕಲಕೋಟೆ, ಅಲ್ಲಿಂದ ರೈಲು ಹಿಡಿದರೆ ಇಂಗ್ರೇಜಿ ಸೀಮೆಯ ಸೊಲ್ಲಾಪುರ. ದೂರ ಹೆಚ್ಚಿಲ್ಲ. ಆದರೆ ನಮ್ಮ ರೂಪಾಯಿ ಅಲ್ಲಿ ನಡೆಯುವುದಿಲ್ಲ, ನಮ್ಮ ತಿಂಗಳುಗಳ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ, ನಮ್ಮ ರಜೆ ಶುಕ್ರವಾರ, ಅವರದು ರವಿವಾರ. ನಮ್ಮ ಶಾಲೆಯಲ್ಲಿ ಕಲಿಸುವುದು ಉರ್ದುವಿನಲ್ಲಿ, ಅಲ್ಲಿ ಮರಾಠಿ ಮತ್ತು ಇಂಗ್ರೇಜಿಯಲ್ಲಿ. ಅಲ್ಲಿನವರು ನಮ್ಮನ್ನು ಮೊಗಲಾಯಿಯವರು ಎಂದು ಕರೆಯುತ್ತಾರೆ. ಇಂಗ್ರೇಜಿ ಕಲಿಯಲಿ ಎಂದು ಮಗನನ್ನು ಅಲ್ಲಿಗೆ ಕಳಿಸುವವರು "ಹುಡುಗ ಪರದೇಶಕ್ಕ ಹೊಂಟಾನ" ಎಂದೇ ಹೇಳುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಹಾಗೆ ಆಳಂದದಿಂದ ಮೊದಲು ಹೋದ ಹುಡುಗ ಕಾಕಾ. ಮೊದಲು ವಾಪಸು ಬಂದ ಹುಡುಗನೂ ಅವರೇ. ಬಂದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಆಮೇಲೆ ಹೊರಟ ಒಬ್ಬೊಬ್ಬ ಹುಡುಗನಿಗೂ ಹದಿನೈದು ದಿನ ಮನೆಯಲ್ಲಿ ಕೂರಿಸಿಕೊಂಡು ಸೊಲ್ಲಾಪುರ ಕಲಿಸುತ್ತಿದ್ದರು. ಮೂವತ್ತೊಂಬತ್ತು ದಿನದಲ್ಲಿ ನಾಪಾಸಾದವನು ಬೇರೆಯವರಿಗೆ ಏನು ಕಲಿಸುತ್ತಾನೆ ಎಂದು ಊರವರು ನಗುತ್ತಿದ್ದರು. ಕಾಕಾ ಅದಕ್ಕೆ ಹೇಳುತ್ತಿದ್ದುದು ಒಂದೇ ಮಾತು: "ಎಲ್ಲಿ ಎಡವಿದ್ನೋ ಆ ಕಲ್ಲು ನನಗ ಗೊತ್ತದ. ಪಾಸಾದವರಿಗೆ ಕಲ್ಲು ಕಂಡಿರಂಗಿಲ್ಲ."

ನಾನು ಏಳನೇ ಜಮಾತ್ ಮುಗಿಸಿದ ವರ್ಷ ಅವರ ಕೈಗೆ ಸಿಕ್ಕೆ. ನನ್ನ ಜೊತೆ ಇನ್ನಿಬ್ಬರು. ಒಬ್ಬ ಅಫಜಲಪುರದ ಗುರುಶಾಂತ, ಆಳಂದದಲ್ಲಿ ಅಕ್ಕನ ಮನೆಗೆ ಬಂದಿದ್ದ. ಇನ್ನೊಬ್ಬ ಜೇವರ್ಗಿಯ ಮಹಿಬೂಬ, ಅವನ ಅಪ್ಪ ಕಚೇರಿಗೆ ವರ್ಗವಾಗಿ ಬಂದವರು. ಪಾಠ ಪಡಸಾಲೆಯಲ್ಲಿ. ಮಹಿಬೂಬ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದ. ಅವನ ತಾಟು ಬೇರೆ ಇತ್ತು, ಪಾಠ ಒಂದೇ ಇತ್ತು. ಆ ಕಾಲ ಹಾಗಿತ್ತು, ಈಗಲೂ ಬಹಳ ಬದಲಾಗಿಲ್ಲ.

ಮೊದಲ ಪಾಠ ಹುಟ್ಟಿದ ದಿನ. ನಮ್ಮ ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಫಸಲಿ ಇಸವಿಯಲ್ಲಿ ಇರುತ್ತಿತ್ತು. ಅದು ಇಂಗ್ರೇಜಿ ಇಸವಿಗಿಂತ ಸುಮಾರು ಆರು ನೂರು ವರ್ಷ ಹಿಂದೆ ನಡೆಯುತ್ತದೆ. ಕಾಕಾ ಆಕಾಶ ನೋಡಿ, ತುಟಿ ಅಲ್ಲಾಡಿಸಿ, ಖುರ್ದಾದ್ ತಿಂಗಳನ್ನು ಏಪ್ರಿಲ್ ಮಾಡಿಕೊಡುತ್ತಿದ್ದರು. ಅವರ ಕಾಲದಲ್ಲಿ ಹಾಗೆ ಮಾಡಿಕೊಡುವವರು ಇರಲಿಲ್ಲ. ಸೊಲ್ಲಾಪುರದ ಶಾಲೆಯಲ್ಲಿ ಉರ್ದು ಬಲ್ಲ ಒಬ್ಬ ಮಾಸ್ತರರು ಅವರ ಕಾಗದವನ್ನು ಇದ್ದ ಹಾಗೆಯೇ ಓದಿದರಂತೆ, ಕ್ಲಾರ್ಕ್ ಕೇಳಿದ ಹಾಗೆಯೇ ಬರೆದುಕೊಂಡರಂತೆ.

"ಆಮ್ಯಾಲ ಆ ಕ್ಲಾರ್ಕ ನನ್ನ ಮಾರಿ ನೋಡಿದ್ರು, ಕಾಗದ ನೋಡಿದ್ರು," ಎಂದು ಕಾಕಾ ಹೇಳಿದರು. "'ಆರುನೂರು ವರ್ಷಕ್ಕ ಐದನೇ ಇಯತ್ತಾ ಅಂದ್ರ ಭಾಳ ತಡಾ ಆತು' ಅಂದ್ರು. ಅವತ್ತಿನಿಂದ ವರ್ಗದಾಗ ನನ್ನ ಹೆಸರು ಆಜೋಬಾ."

ಇಯತ್ತಾ ಎಂದರೆ ತರಗತಿ, ಆಜೋಬಾ ಎಂದರೆ ಅಜ್ಜ. ಮಹಿಬೂಬ ಕಟ್ಟೆಯ ಮೇಲಿಂದ ನಕ್ಕ. ಕಾಕಾ ನಗಲಿಲ್ಲ. "ನಗು ತಮ್ಮಾ. ಅವ್ರೂ ಹಿಂಗ ನಗ್ತಾರ. ರೂಢಿ ಆಗ್ಲಿ" ಅಂದರು.

ಎರಡನೇ ಪಾಠ ಹಾಜರಿ.

"ಲೇ ತಮ್ಮಾ, ನಿನ್ನ ಹೆಸರು ಕೂಗಿದ್ರ ಏನಂತಿ?" ಎಂದು ನನ್ನನ್ನು ಕೇಳಿದರು.

"ಹಾಜಿರ್ ಜನಾಬ್."

"ನಾಪಾಸ್. 'ಪ್ರಜಂಟ್ ಸರ್' ಅನ್ನಬೇಕು. ಕೈ ಹಣಿಗೆ ಹಚ್ಚಬಾರದು. ಆದಾಬ್ ಮಾಡಿದ್ರ ಇಡೀ ವರ್ಗ ನಗ್ತದ."

"ಮತ್ತ ಕೈ ಏನು ಮಾಡಬೇಕ್ರಿ?" ಎಂದ ಗುರುಶಾಂತ.

ಕಾಕಾ ತಮ್ಮ ಎರಡೂ ಕೈ ನೋಡಿಕೊಂಡರು. "ಅದು ನನಗೂ ತಿಳೀಲಿಲ್ಲ. ನಾ ಶೇರವಾನಿ ಕಿಸೇದಾಗ ಇಟ್ಕೊಂಡೆ. ಅದಕ್ಕೂ ನಕ್ಕರು."

ಆ ಶೇರವಾನಿಯನ್ನು ಅವರು ನಮಗೆ ತೋರಿಸಿದರು. ಸೊಲ್ಲಾಪುರಕ್ಕೆಂದು ಅವರ ಅಪ್ಪ ಹೊಲಿಸಿದ್ದು, ಬೆಳೆಯುವ ಹುಡುಗ ಎಂದು ಎರಡು ಗೇಣು ದೊಡ್ಡದಾಗಿ. ಟ್ರಂಕಿನಲ್ಲಿ ಬೇವಿನ ಎಲೆ ಹಾಕಿ ಇಟ್ಟಿದ್ದರು. ವಾಪಸು ಬಂದ ಮೇಲೆ ತೊಟ್ಟಿರಲಿಲ್ಲ. "ಈಗ ಸರಿ ಆಗ್ತದ್ರಿ ನಿಮಗ" ಎಂದೆ. "ಆಗ್ತದ. ಆದರ ಹೋಗೂದೆಲ್ಲಿಗೆ?" ಅಂದರು.

ಪುಸ್ತಕ ತೆರೆಯುವ ಪಾಠವೂ ಇತ್ತು. ಉರ್ದು ಓದಿದ ನಮ್ಮ ಕೈ ತಾನಾಗಿ ಪುಸ್ತಕದ ಹಿಂಬದಿಗೆ ಹೋಗುತ್ತಿತ್ತು. ಕಾಕಾ ಅರ್ಜಿಯ ಕಾಗದ ಹೊಲಿದು ಮಾಡಿದ ಒಂದು ವಹಿಯನ್ನು ನಮ್ಮ ಮುಂದೆ ಹಾಕಿ "ತೆಗಿ" ಅನ್ನುತ್ತಿದ್ದರು. ತಪ್ಪಾದರೆ ಮುಚ್ಚಿ ಮತ್ತೆ "ತೆಗಿ." ದಿನಕ್ಕೆ ಇಪ್ಪತ್ತು ಸಲ. "ನಮ್ಮದು ಎಲ್ಲಿ ಮುಗೀತದೋ ಅಲ್ಲಿ ಅವರದು ಶುರು. ಇಷ್ಟ ನೆನಪಿಡ್ರಿ ಸಾಕು."

ಆದರೆ ಇವೆಲ್ಲ ಚಿಕ್ಕ ಪಾಠಗಳು. ದೊಡ್ಡ ಪಾಠ ಊಟದ್ದು.

ಸೊಲ್ಲಾಪುರದ ಊಟ ಬೇರೆಯಲ್ಲ. ಅದೇ ಜೋಳದ ರೊಟ್ಟಿ, ಅದೇ ಝುಣಕ, ಅದೇ ಶೇಂಗಾ ಹಿಂಡಿ. ಬೇರೆಯಾದದ್ದು ಕೇಳುವ ರೀತಿ. ನಮ್ಮ ಕಡೆ ಮನೆಗೆ ಬಂದವರಿಗೆ ಇನ್ನೊಂದು ರೊಟ್ಟಿ ಹಾಕಲೇ ಎಂದರೆ ಅವರು ಬ್ಯಾಡ ಎನ್ನಬೇಕು. ಮತ್ತೆ ಕೇಳಬೇಕು. ಮತ್ತೆ ಬ್ಯಾಡ ಎನ್ನಬೇಕು. ಮೂರನೇ ಸಲ ಕೇಳುತ್ತಲೇ ಹಾಕಿಬಿಡಬೇಕು. ಕಾಕಾ ಇದನ್ನು ಕಲಂ ಹಾಕಿ ಹೇಳುತ್ತಿದ್ದರು: "ಮೊದಲನೇ ಬ್ಯಾಡ ನಾಚಿಕಿಗೆ. ಎರಡನೇ ಬ್ಯಾಡ ಮರ್ಯಾದಿಗೆ. ಮೂರನೇ ಬ್ಯಾಡ ಅಷ್ಟ ಹೊಟ್ಟಿಗೆ. ಖಾನಾವಳಿಯವನಿಗೆ ನಿಮ್ಮ ನಾಚಿಕಿ, ಮರ್ಯಾದಿ ಬೇಕಾಗಿಲ್ಲ. ಅವ ಒಂದ ಸಲ ಕೇಳ್ತಾನ."

ನಮ್ಮ ಮುಂದೆ ತಾಟು ಹಾಕಿಸಿ, ಧೋತರ ಮೇಲೆ ಕಟ್ಟಿ, ರೊಟ್ಟಿಯ ಬುಟ್ಟಿ ಹಿಡಿದು, ಅವರೇ ಖಾನಾವಳಿಯವರಾಗುತ್ತಿದ್ದರು. ಯಾರ ಮುಖವನ್ನೂ ನೋಡದೆ ಸರಸರ ನಡೆಯುತ್ತ "ಪಾಹಿಜೆ ಕಾ? ಪಾಹಿಜೆ ಕಾ?" ಎನ್ನುತ್ತಿದ್ದರು. ಬೇಕೇ ಎಂದು ಅರ್ಥ. "ಹೋ" ಎಂದರೆ ರೊಟ್ಟಿ ಬೀಳುತ್ತದೆ, "ನಕೋ" ಎಂದರೆ ಇಲ್ಲ.

ಮೊದಲ ದಿನ ಗುರುಶಾಂತ "ನಕೋ" ಎಂದ. ಕಾಕಾ ದಾಟಿ ಹೋದರು. ಗುರುಶಾಂತ ತಾಟಿನ ಮೇಲೆ ಕೈ ಅಡ್ಡ ಹಿಡಿದು, ತಲೆ ತಗ್ಗಿಸಿ, ಸಣ್ಣಗೆ ನಗುತ್ತ ಕೂತ. ಕಾಕಾ ಒಳಗೆ ಹೋಗಿ ಬುಟ್ಟಿ ಇಟ್ಟು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಬಂದರು. ಗುರುಶಾಂತ ಹಾಗೆಯೇ ಕೂತಿದ್ದ.

"ತಮ್ಮಾ, ಯಾಕ ಕುಂತಿ?"

"ನೀವು ಇನ್ನೊಮ್ಮೆ ಕೇಳ್ತೀರಿ ಅಂತ್ರಿ."

"ನಾ ಈಗ ಸೊಲ್ಲಾಪುರದವ. ಕೇಳಂಗಿಲ್ಲ."

"ನಮ್ಮ ಅಫಜಲಪುರದಾಗ ನಾಲ್ಕು ಸಲ ಕೇಳ್ತಾರ್ರಿ" ಎಂದ ಗುರುಶಾಂತ, ಅಳು ಮುಖ ಮಾಡಿ.

"ಹಂಗಾದ್ರ ನೀ ನನಗಿಂತ ಲಗೂನ ವಾಪಸ್ ಬರ್ತಿ."

ಮಹಿಬೂಬ ತನ್ನ ಜನರ ಖಾನಾವಳಿಯಲ್ಲಿ ಉಣ್ಣುವವನು, ಅಲ್ಲಿ ಹೇಗೋ ಏನೋ ಎಂದ. ಕಾಕಾ ಅದನ್ನೂ ವಿಚಾರಿಸಿ ಇಟ್ಟಿದ್ದರು. "ಅಲ್ಲಿ 'ಔರ್ ಹೋನಾ ಕ್ಯಾ' ಅಂತಾರ. ಇಲ್ಲಿ ನಕೋ, ಅಲ್ಲಿ ನಕ್ಕೋ. ಎರಡೂ ಭಾಷಾದಾಗ ಉಪವಾಸ ಒಂದ."

ಅವರು ಯಾಕೆ ವಾಪಸು ಬಂದರು ಎಂಬುದು ನಮಗೆ ತಿಳಿದದ್ದು ಆ ದಿನವೇ. ಅವರ ಹೆಂಡತಿಯನ್ನು ನಾವು ಚಿಗವ್ವ ಎನ್ನುತ್ತಿದ್ದೆವು. ಜೇವರ್ಗಿಯ ಮಗಳು, ಮಾತಿನಲ್ಲಿ ಗಟ್ಟಿ. ಅಡುಗೆಮನೆಯ ಬಾಗಿಲಲ್ಲಿ ನಿಂತು ಇದೆಲ್ಲ ನೋಡುತ್ತಿದ್ದಳು.

"ನಿಮ್ಮ ಕಾಕಾನ್ನ ಕೇಳ್ರಿ, ಯಾಕ ಬಿಟ್ಟು ಬಂದ್ರಂತ" ಅಂದಳು.

"ಹವಾ ಒಗ್ಗಲಿಲ್ಲ" ಅಂದರು ಕಾಕಾ.

"ಹವಾ ಅಲ್ಲ, ರೊಟ್ಟಿ. ನಮ್ಮತ್ತಿ ಹೇಳಿ ಹೇಳಿ ಅಳ್ತಿದ್ರು. ಮಾವ ನೋಡಾಕ ಹ್ವಾದ್ರ ಮಗ ಜ್ವಾಳದ ದಂಟು ಆಗಿದ್ರಂತ. ದಿನಾ ಒಂದು ರೊಟ್ಟಿ ಮ್ಯಾಲ ಇದ್ರಂತ. 'ಬೇಕು ಅನ್ನಾಕ ನಾಲಿಗಿ ಬಿದ್ದಿತ್ತೇನೋ' ಅಂತ ಮಾವ ಬೈದ್ರ, ಇವರು ಏನಂದ್ರು ಕೇಳ್ರಿ."

"ಏನಂದ್ರಿ ಕಾಕಾ?"

ಕಾಕಾ ಗೋಡೆ ನೋಡಿದರು. "'ಬ್ಯಾಡ ಅನ್ನಬೇಕಂತ ನೀವ ಕಲಿಸಿದ್ರಿ' ಅಂದೆ."

ಚಿಗವ್ವ ಬುಟ್ಟಿ ಎತ್ತಿಕೊಂಡು ಬಂದು ಗುರುಶಾಂತನ ಮುಂದೆ ಕೂತಳು. "ಅದು ಸೊಲ್ಲಾಪುರದ ಊಟ ಆತು. ಈಗ ಆಳಂದದ ಊಟ ಮಾಡ್ರಿ. ಹಾಕ್ಲೇನು?" ಗುರುಶಾಂತ ಬ್ಯಾಡ್ರಿ ಎಂದ. ಆಕೆ ಮತ್ತೆ ಕೇಳಿದಳು. ಹದಿನೈದು ದಿನವೂ ನಾವು ಹೀಗೆ ಎರಡೆರಡು ಊಟ ಮಾಡಿದೆವು. ಸೊಲ್ಲಾಪುರಕ್ಕೆ ಹೋಗುವ ಹೊತ್ತಿಗೆ ಮೂವರೂ ದಪ್ಪಗಾಗಿದ್ದೆವು.

ಹೊರಡುವ ದಿನ ನಮ್ಮ ಅಪ್ಪ ಬಂಡಿ ಹೂಡಿದರು. ಕಾಕಾ ಬಾಗಿಲಲ್ಲಿ ನಿಂತಿದ್ದರು.

"ಬರ್ರಿ, ನಾಕಾದ ತನಕ ಹುಡುಗ್ರನ್ನ ಕಳಿಸಿ ಬರೂಣು" ಎಂದರು ಅಪ್ಪ.

"ಬ್ಯಾಡ್ರಿ, ಕೆಲಸ ಅದ."

"ಬರ್ರಿ ಅಂದ್ರ."

"ಬ್ಯಾಡ್ರಿ, ಬಂಡ್ಯಾಗ ಜಾಗಾ ಇಲ್ಲ."

"ಏ, ಬರ್ರಿ!"

ಮೂರನೇ ಸಲಕ್ಕೆ ಕಾಕಾ ಬಂಡಿ ಹತ್ತಿದರು. ಅವರ ಕಾಲಲ್ಲಿ ಆಗಲೇ ಚಪ್ಪಲಿ ಇದ್ದವು, ಹೆಗಲ ಮೇಲೆ ಬುತ್ತಿ ಇತ್ತು. ಅದನ್ನು ನಾನು ಅವತ್ತೇ ನೋಡಿದ್ದೆ.

ನಾಕಾದಲ್ಲಿ ಇಳಿದು ಈಚೆಗೇ ನಿಂತರು. ಆಚೆ ಒಂದು ಹೆಜ್ಜೆ ಇಡಲಿಲ್ಲ. ಕೊನೆಯ ಪಾಠ ಅಲ್ಲಿ ಹೇಳಿದರು. "ಹದಿನಾಲ್ಕನೇ ದಿನ ಅಳು ಬರ್ತದ. ಅವತ್ತು ಅಡತಿ ಬಜಾರದ ಕಡೆ ಹೋಗಬ್ಯಾಡ್ರಿ. ಆಳಂದದ ತೊಗರಿ ಬಂಡಿ ಬಂದಿರ್ತಾವ."

ಹದಿನಾಲ್ಕನೇ ದಿನ ನಾನು ಅಡತಿ ಬಜಾರಕ್ಕೆ ಹೋದೆ. ಆಳಂದದ ಬಂಡಿ ಬಂದಿತ್ತು. ಬಂಡಿಯವರು ಪರಿಚಯದವರಲ್ಲ. ಎತ್ತೂ ಪರಿಚಯದ್ದಲ್ಲ. ಆದರೂ ಎತ್ತಿನ ಪಕ್ಕದಲ್ಲಿ ಬಹಳ ಹೊತ್ತು ನಿಂತೆ. ಬಂಡಿಯವ "ಯಾವೂರಪಾ?" ಎಂದ. ನಾನು ಎತ್ತಿನ ಕೊರಳು ಸವರುತ್ತಲೇ ಇದ್ದೆ. ಅವನು ನನ್ನನ್ನು ಮೂಕ ಎಂದು ತಿಳಿದು ಒಂದು ಹಿಡಿ ಶೇಂಗಾ ಕೊಟ್ಟ.

ಪಾಠವೆಲ್ಲ ಕೆಲಸಕ್ಕೆ ಬಂತು ಎಂದು ಹೇಳಲಾರೆ. ಮೊದಲ ಶುಕ್ರವಾರ ಎದ್ದು ತಲೆಗೆ ಎಣ್ಣೆ ಹಚ್ಚಿಕೊಂಡು ಕೋಣೆಯಲ್ಲಿ ಕೂತೆ. ಮಧ್ಯಾಹ್ನವಾದ ಮೇಲೆ ಶಾಲೆ ನೆನಪಾಯಿತು. ರವಿವಾರ ಮಡಿಚಿಟ್ಟ ಅಂಗಿ ತೊಟ್ಟು ಹೋದರೆ ಶಾಲೆಯ ಗೇಟಿಗೆ ಬೀಗ. ಅಲ್ಲಿ ಗುರುಶಾಂತ ನಿಂತಿದ್ದ. ಸ್ವಲ್ಪ ಹೊತ್ತಿಗೆ ಮಹಿಬೂಬನೂ ಬಂದ. ಮೂವರೂ ಹದಿನೈದು ದಿನ ತಾಲೀಮು ಆದವರು. ಬೀಗ ನೋಡುತ್ತ ನಿಂತೆವು. ಇದನ್ನು ಕಾಕಾನಿಗೆ ಬರೆದೆ. ಅವರ ಉತ್ತರ ಒಂದು ಸಾಲಿನದು: "ಬೀಗ ಇದ್ದರೆ ವಾಪಸು ಹೋಗತಕ್ಕದ್ದು. ಇದನ್ನು ಹೇಳುವುದು ಮರೆತಿದ್ದೆ."

ಆದರೆ ಊಟದ ಪಾಠ ತಪ್ಪಲಿಲ್ಲ. ಖಾನಾವಳಿಯವ ಮೊದಲ ದಿನ "ಪಾಹಿಜೆ ಕಾ" ಎಂದಾಗ ಮೊದಲನೇ ಬ್ಯಾಡ ಬಾಯಿಗೆ ಬಂತು. ನುಂಗಿಕೊಂಡು "ಹೋ" ಎಂದೆ. ಕಿವಿ ಬಿಸಿಯಾಯಿತು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ರೊಟ್ಟಿ ತಾಟಿಗೆ ಬಿತ್ತು. ಒಂದು ತಿಂಗಳಿಗೆ ಕಿವಿ ಬಿಸಿಯಾಗುವುದು ನಿಂತಿತು. ಗುರುಶಾಂತ ಎರಡು ವರ್ಷ ಇದ್ದು ಅಫಜಲಪುರಕ್ಕೆ ಹೋಗಿ ಹೊಲ ನೋಡಿಕೊಂಡ. ಮಹಿಬೂಬ ಮೆಟ್ರಿಕ್ ಮುಗಿಸಿ ರೈಲ್ವೆ ಸೇರಿದ. ನಾನು ಸೊಲ್ಲಾಪುರದಲ್ಲೇ ಉಳಿದೆ.

ಉಳಿದವನು ಅಲ್ಲಿಯವನೇ ಆಗುತ್ತಾನೆ. ಒಮ್ಮೆ ಆಳಂದದಿಂದ ದೂರದ ಸಂಬಂಧಿಕರೊಬ್ಬರು ನಮ್ಮ ಮನೆಗೆ ಬಂದರು. "ಚಹಾ ಮಾಡಿಸಲ್ರಿ?" ಎಂದೆ. "ಬ್ಯಾಡಪಾ" ಎಂದರು. ನಾನು ಸುಮ್ಮನಾದೆ. ಅವರು ಒಂದು ತಾಸು ಕೂತು, ಒಣಗಿದ ತುಟಿ ಒರೆಸಿಕೊಂಡು ಹೋದರು. ಅವರು ಆಳಂದ ಮುಟ್ಟುವ ಮುಂಚೆಯೇ ನಾನು ಜಿಪುಣ ಎಂಬ ಸುದ್ದಿ ಮುಟ್ಟಿತ್ತು. ಕಚೇರಿಯ ಮುಂದೆ ಯಾರೋ ಕಾಕಾನಿಗೆ ಚುಚ್ಚಿದರಂತೆ: "ನಿಮ್ಮ ಶಿಷ್ಯ ಒಂದು ಕಪ್ ಚಹಾಕ್ಕೂ ಎರಡನೇ ಮಾತು ಅನ್ನಂಗಿಲ್ಲ."

ಕಾಕಾ ಅರ್ಜಿಯಿಂದ ತಲೆ ಎತ್ತಲಿಲ್ಲವಂತೆ. "ಅವ ಪಾಸಾಗ್ಯಾನ" ಅಂದರಂತೆ.

ಇದನ್ನು ಕೇಳಿ ನನಗೆ ಸಂತೋಷವಾಗಿತ್ತು. ಮೆಟ್ರಿಕ್ ಪಾಸಾದಾಗಲೂ ಅಷ್ಟು ಆಗಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಪ್ಪನ ಕಾಗದ ಬಂತು. ಕಾಕಾನಿಗೆ ಹೊಟ್ಟೆಯಲ್ಲಿ ಒಂದು ಗಡ್ಡೆ, ಅನ್ನ ನಿಲ್ಲುವುದಿಲ್ಲ, ಬೇವಿನ ಗಿಡದ ಕೆಳಗೆ ಕೂರುವುದು ಬಿಟ್ಟು ತಿಂಗಳಾಯಿತು ಎಂದಿತ್ತು. ನೋಡಲು ಬರುತ್ತೇನೆ ಎಂದು ಬರೆದೆ. ಮೂರು ದಿನ ರಜೆ ಹಾಕಿ ಹೋದೆ.

ಅವರು ಪಡಸಾಲೆಯ ಹೊರಸಿನ ಮೇಲೆ ಕೂತಿದ್ದರು. ಮಲಗಿರಲಿಲ್ಲ. ದಾಡಿ ಮಾಡಿಸಿಕೊಂಡಿದ್ದರು. ಮುಖ ಸಣ್ಣದಾಗಿತ್ತು, ಕಿವಿ ಮಾತ್ರ ಮೊದಲಿನ ಅಳತೆಯಲ್ಲಿ ಉಳಿದಿದ್ದವು. ಒಂದು ಕಿವಿಯ ಸಂದಿನಲ್ಲಿ ಲೇಖನಿ ಇತ್ತು. ಹೊರಸಿನ ಕೆಳಗೆ ಚಪ್ಪಲಿ. ಗೋಡೆಯ ಗೂಟಕ್ಕೆ ಆ ಹಳೆಯ ಶೇರವಾನಿ ತೂಗುಹಾಕಿದ್ದರು. ಬೇಸಿಗೆಯಲ್ಲವೇ, ಬಿಸಿಲು ತೋರಿಸಲು ತೆಗೆದಿದ್ದಾರೆ ಎಂದುಕೊಂಡೆ.

ಅವರು ಗಿರಣಿಯ ಬಗ್ಗೆ ಕೇಳಿದರು. ಮಕ್ಕಳ ಬಗ್ಗೆ ಕೇಳಿದರು. ಅಡತಿ ಬಜಾರದಲ್ಲಿ ಈಗಲೂ ಆಳಂದದ ಬಂಡಿ ಬರುತ್ತವೆಯೇ ಎಂದು ಕೇಳಿದರು. ನಡುನಡುವೆ ಹೊಟ್ಟೆ ಹಿಡಿದು ಮಾತು ನಿಲ್ಲಿಸುತ್ತಿದ್ದರು. ಯಾರೋ ಜಿಡಗಾ ಮಠದಿಂದ ತಂದ ವಿಭೂತಿ ತಲೆದೆಸೆಯಲ್ಲಿತ್ತು.

ನಾನು ಹೇಳಿದೆ: "ಕಾಕಾ, ನನ್ನ ಜೋಡಿ ಸೊಲ್ಲಾಪುರಕ್ಕ ಬರ್ರಿ. ದೊಡ್ಡ ದವಾಖಾನಿ ಅದ. ಡಾಕ್ಟರಿಗೆ ತೋರಸ್ತೇನಿ. ನಮ್ಮನ್ಯಾಗ ಇರ್ರಿ."

"ಬ್ಯಾಡ ಬಿಡಪಾ," ಅಂದರು. "ನಿನಗ್ಯಾಕ ತ್ರಾಸು."

"ಆಯ್ತ್ರಿ" ಎಂದೆ.

ಅಷ್ಟೇ. ಅವರ ಮನಸ್ಸಿಗೆ ಬಂದಂತೆ ಆಗಲಿ, ಒತ್ತಾಯ ಮಾಡಬಾರದು ಎಂದುಕೊಂಡೆ. ಸೊಲ್ಲಾಪುರದಲ್ಲಿ ಹೀಗೆ ನಡೆದುಕೊಳ್ಳುವವನನ್ನು ತಿಳಿವಳಿಕೆಯುಳ್ಳವನು ಎನ್ನುತ್ತಾರೆ. ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅವರು ಬಾಗಿಲ ತನಕ ನನ್ನನ್ನು ನೋಡುತ್ತಿದ್ದರು. ಮರುದಿನ ಬೆಳಿಗ್ಗೆ ಸರ್ವಿಸ್ ಮೋಟಾರಿಗೆ ಹೊರಟೆ. ಮೋಟಾರು ಅವರ ಓಣಿಯ ಮುಂದೆಯೇ ಹೋಗುತ್ತದೆ.

ಇಪ್ಪತ್ತಾರು ದಿನಕ್ಕೆ ಸುದ್ದಿ ಬಂತು. ನಾನು ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟಾಗಿತ್ತು. ಬೇವಿನ ಗಿಡದ ಕೆಳಗೆ ಹಾದು ಬಂದೆ. ಬೇರೆ ಯಾರೋ ಆಗಲೇ ಚಾಪೆ ಹಾಸಿದ್ದರು.

ಚಿಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಂದವರಿಗೆ ಉಣ್ಣಿಸದೆ ಕಳಿಸುವ ರೂಢಿ ಆ ಮನೆಯಲ್ಲಿ ಇಲ್ಲ. ತಾಟು ಹಾಕಿ ಕೂರಿಸಿದಳು. ಏನಾದರೂ ಮಾತಾಡಬೇಕಲ್ಲ ಎಂದು ನಾನು ಕೇಳಿದೆ: "ಅವರಿಗೆ ಬರಾಕ ಮನಸ ಇರಲಿಲ್ಲೇನು ಚಿಗವ್ವಾ?"

ಆಕೆ ಕೈ ನಿಲ್ಲಿಸಲಿಲ್ಲ. "ನಿನ್ನ ಕಾಗದ ಬಂದ ದಿನಾನ ಟ್ರಂಕ್ ತಗಸಿದ್ರು. ಶೇರವಾನಿ ಒಗಸಿದ್ರು. 'ಹುಡುಗ ದವಾಖಾನಿಗೆ ಕರೀತಾನ. ಒಮ್ಮೆ ಬ್ಯಾಡ ಅಂತೀನಿ, ಎರಡನೇ ಸಲಾನೂ ಬ್ಯಾಡ ಅಂತೀನಿ, ಮೂರನೇದಕ್ಕ ಹೋಗೂಣು. ನೀ ಬುತ್ತಿ ಕಟ್ಟಿಡು' ಅಂದ್ರು. ಕಟ್ಟಿಟ್ಟಿದ್ದೆ."

ನಾನು ತಾಟು ನೋಡುತ್ತ ಕೂತೆ.

"ನೀ ಹ್ವಾದ ಮ್ಯಾಲ ಬಾಗಲಾ ನೋಡಕೋತ ಕುಂತ್ರು. ಚಪ್ಪಲಿ ಕಾಲಾಗ ಹಾಕ್ಕೊಂಡಿದ್ರು. ಮರುದಿನ ಮೋಟಾರ್ ಸಪ್ಪಳಾ ಕೇಳಿಸ್ತು. ಓಣಿ ದಾಟಿ ಹೋತು. ಆವಾಗ ನಕ್ಕರು. 'ನೋಡಿದೇನ, ಹುಡುಗ ಪಾಸಾಗ್ಯಾನ. ನಾನ ಕಲಿಸೀನಿ' ಅಂದ್ರು. ಚಪ್ಪಲಿ ಬಿಚ್ಚಿದ್ರು."

ರೊಟ್ಟಿ ತಿರುವಿ ಹಾಕಿದಳು. ಹೊಟ್ಟೆಯುಬ್ಬಿದ ರೊಟ್ಟಿಯನ್ನು ಬಟ್ಟೆಯಿಂದ ಒತ್ತಿದಳು.

"ನೀ ಒಬ್ಬನ ಅಲ್ಲ ಬಿಡು. ಸಂಜೀಕ ನಾನೂ ಕೇಳ್ದೆ, 'ಕಾಗದಾ ಬರಸ್ಲೇನ್ರಿ, ತಿರುಗಿ ಬರ್ತಾನ' ಅಂತ. 'ಬ್ಯಾಡ' ಅಂದ್ರು. ನನಗೂ ಸಿಟ್ಟು ಬಂದಿತ್ತು, ಸುಮ್ನಾದೆ. ಇಷ್ಟು ವರ್ಷ ಸಂಸಾರ ಮಾಡಿ, ನಾನೂ ಅವತ್ತು ಒಂದ ಸಲ ಕೇಳಿದ್ನಿ."

ಸೊಲ್ಲಾಪುರಕ್ಕೆ ಬಂದಿದ್ದರೆ ಬದುಕುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಡಾಕ್ಟರೊಬ್ಬರನ್ನು ಆಮೇಲೆ ಕೇಳಿದೆ. ನೋಡದೆ ಹೇಳಲಾಗದು ಎಂದರು. ಒಂದೇ ಸಲ ಕೇಳಿದೆ. ಅವರೂ ಒಂದೇ ಸಲ ಹೇಳಿದರು.

ಚಿಗವ್ವ ಬಿಸಿ ರೊಟ್ಟಿ ಕೈಯಲ್ಲಿ ಹಿಡಿದು ಎದ್ದು ಬಂದಳು.

"ಹಾಕ್ಲೇನು?"

"ಬ್ಯಾಡ ಚಿಗವ್ವಾ."

"ಹಾಕ್ತೀನಿ."

"ಬ್ಯಾಡ."

ಆಕೆ ಒಳಗೆ ಹೋಗಲಿಲ್ಲ. ರೊಟ್ಟಿಯ ಹಬೆ ಆಕೆಯ ಕೈ ಸುಡುತ್ತಿರಬೇಕು, ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ ನಿಂತಿದ್ದಳು. ನನಗೆ ಹಸಿವಿರಲಿಲ್ಲ. ಕಾಕಾನ ಕಲಂ ಪ್ರಕಾರ ಮೂರನೇ ಬ್ಯಾಡ ಹೇಳುವ ಹಕ್ಕು ನನಗಿತ್ತು.

"ಹಾಕ್ಲೇನಪಾ?" ಎಂದು ಮೂರನೇ ಸಲ ಕೇಳಿದಳು.

ತಾಟು ಮುಂದೆ ಮಾಡಿದೆ.